ಸೀ ಬಾಸ್ ಮೊಟ್ಟೆಗೆ ತಣ್ಣೀರಿನ ಆಘಾತ: ಟ್ರಿಪ್ಲಾಯ್ಡ್ ಪ್ರಮಾಣ ಅರ್ಧಕ್ಕೇ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಾವು ಯುರೋಪಿಯನ್ ಸೀ ಬಾಸ್ ಮರಿ ಮಾಡುವ ಹ್ಯಾಚರಿಯವರು. ಮರಿಗಳಲ್ಲಿ ಗಂಡೇ ಹೆಚ್ಚು. ಅವು ಮಾರಾಟದ ತೂಕಕ್ಕೆ ಬರುವ ಮೊದಲೇ ಬಲಿತು, ತಿಂದದ್ದೆಲ್ಲ ವೀರ್ಯಕ್ಕೆ ಹೋಗಿ, ಬೆಳವಣಿಗೆ ಹಿಂದೆ ಬೀಳುತ್ತದೆ. ಅದಕ್ಕೇ ಟ್ರಿಪ್ಲಾಯ್ಡ್, ಅಂದರೆ ವರ್ಣತಂತುಗಳ ಎರಡು ಕಂತೆಯ ಬದಲು ಮೂರು ಕಂತೆಯಿರುವ ಬಂಜೆ ಮೀನು, ಮಾಡಹೊರಟೆವು. ಹ್ಯಾಚರಿಯ ನೀರು 16 ಡಿಗ್ರಿ. ಓದಿದ ಲೆಕ್ಕದಂತೆ ನಿಷೇಚನವಾದ 5ನೇ ನಿಮಿಷಕ್ಕೆ ಮೊಟ್ಟೆಗಳನ್ನು ನೀರಿನ ಸಮೇತ 300 ಮಿ.ಲೀ.ನಷ್ಟು ತೆಗೆದು, ಮಂಜುಗಡ್ಡೆ ಹಾಕಿ 0 ಡಿಗ್ರಿಗೆ ತಂದ 3 ಲೀಟರ್ ಸಮುದ್ರದ ನೀರಿಗೆ ಸುರಿದು 15 ನಿಮಿಷ ಬಿಟ್ಟೆವು. ಮೂರು ಹೆಣ್ಣುಗಳ ಮೊಟ್ಟೆಯಲ್ಲಿ ಕ್ರಮವಾಗಿ ಶೇ 60, 45, 80 ಟ್ರಿಪ್ಲಾಯ್ಡ್ ಬಂತು. ಹೊರಬಂದ ಮರಿಗಳು ಮಾಮೂಲಿನ ಮೂರನೇ ಒಂದು ಪಾಲು ಮಾತ್ರ. ತಪ್ಪು ಎಲ್ಲಿದೆ? ಇದರ ಬದಲು ಗೈನೋಜೆನೆಸಿಸ್ (ತಾಯಿಯ ವರ್ಣತಂತುಗಳಿಂದಷ್ಟೇ ಮರಿ ಮಾಡುವುದು) ಮಾಡಿ ಎಲ್ಲವನ್ನೂ ಹೆಣ್ಣೇ ಮಾಡಿಕೊಳ್ಳಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ. ಸೀ ಬಾಸ್‌ನಲ್ಲಿ ಗೈನೋಜೆನೆಸಿಸ್‌ನಿಂದ ಎಲ್ಲ ಹೆಣ್ಣು ಬರುವುದಿಲ್ಲ. ಏಕೆಂಬುದನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ. ಮೊದಲನೆಯದರಲ್ಲಿ ನೀವು ಹಿಡಿದ ದಾರಿ ಸರಿಯಾಗಿಯೇ ಇದೆ, ತಪ್ಪಿರುವುದು ಗಡಿಯಾರ ಮತ್ತು ಬಾನಿ. ನೀವು ಕೊಟ್ಟ ಅಂಕಿಗಳಲ್ಲೇ ಎರಡೂ ತಪ್ಪು ಎದ್ದು ಕಾಣುತ್ತವೆ.

ಮೊಟ್ಟೆಯೊಳಗೆ ಆ ಹೊತ್ತಿನಲ್ಲಿ ನಡೆಯುವುದು ಇಷ್ಟು. ಹೆಣ್ಣಿನ ಹೊಟ್ಟೆಯಿಂದ ಹಿಂಡಿ ತೆಗೆದ ಮೊಟ್ಟೆ ಇನ್ನೂ ತನ್ನ ಎರಡನೇ ಅರೆವಿಭಜನೆಯ ನಡುವೆ ನಿಂತಿರುತ್ತದೆ. ವೀರ್ಯಾಣು ಒಳಹೊಕ್ಕ ಮೇಲೆಯೇ ಆ ವಿಭಜನೆ ಮುಂದುವರಿದು, ತಾಯಿಯ ಒಂದು ಜೊತೆ ವರ್ಣತಂತುಗಳನ್ನು (ಅಂದರೆ 24ರ ಒಂದು ಪೂರ್ತಿ ಕಂತೆಯನ್ನು) ಎರಡನೇ ಧ್ರುವಕಾಯ ಎಂಬ ಪುಟ್ಟ ಕೋಶದೊಳಗೆ ಕಟ್ಟಿ ಹೊರಗೆ ತಳ್ಳುತ್ತದೆ. ವರ್ಣತಂತುಗಳನ್ನು ಎಳೆಯುವ ಕದಿರಿನ ಎಳೆಗಳು ಚಳಿಗೂ ಅಧಿಕ ಒತ್ತಡಕ್ಕೂ ಕಳಚಿಬೀಳುತ್ತವೆ. ಸರಿಯಾದ ಕ್ಷಣಕ್ಕೆ ಕಳಚಿದರೆ ಧ್ರುವಕಾಯ ಹೊರಗೆ ಹೋಗದೆ ಉಳಿಯುತ್ತದೆ. ಆಗ ತಾಯಿಯಿಂದ ಎರಡು, ತಂದೆಯಿಂದ ಒಂದು, ಒಟ್ಟು ಮೂರು ಜೊತೆ. ಸೀ ಬಾಸ್‌ನ ಮಾಮೂಲಿ 48 ವರ್ಣತಂತುಗಳ ಜಾಗದಲ್ಲಿ 72, ಟರ್ಬಟ್ ಎಂಬ ಚಪ್ಪಟೆ ಮೀನಿನಲ್ಲಿ 44ರ ಜಾಗದಲ್ಲಿ 66. ಇದು ಹೊಸ ವಿದ್ಯೆಯೇನೂ ಅಲ್ಲ. ಪರ್ಡಮ್ ಎಂಬ ಬ್ರಿಟಿಷ್ ವಿಜ್ಞಾನಿ ಪ್ಲೇಸ್ ಎಂಬ ಕಡಲ ಚಪ್ಪಟೆ ಮೀನಿನಲ್ಲಿ ತಣ್ಣೀರಿನ ಆಘಾತದಿಂದ ಟ್ರಿಪ್ಲಾಯ್ಡ್ ಮಾಡಿದ್ದನ್ನು 1972ರಲ್ಲೇ ಪ್ರಕಟಿಸಿದ್ದರು.

ಈಗ ಗಡಿಯಾರ. ಸೀ ಬಾಸ್‌ಗೆ ಪ್ರಕಟವಾಗಿರುವ ಲೆಕ್ಕ ಸ್ಥೂಲವಾಗಿ ಹೀಗಿದೆ: ನಿಷೇಚನವಾದ 5ನೇ ನಿಮಿಷಕ್ಕೆ ಶುರು, 0ಯಿಂದ 1 ಡಿಗ್ರಿ, 10ರಿಂದ 20 ನಿಮಿಷ. ಆ 5 ನಿಮಿಷ ಎನ್ನುವುದು 13–14 ಡಿಗ್ರಿ ನೀರಿನ ಮೊಟ್ಟೆಯ 5 ನಿಮಿಷ. ನಿಮ್ಮ ನೀರು 16 ಡಿಗ್ರಿ. ಮೊಟ್ಟೆಗೆ ನಿಮ್ಮ ಕೈಗಡಿಯಾರ ಗೊತ್ತಿಲ್ಲ, ಅದರ ಕೆಲಸ ಉಷ್ಣತೆಯ ಜೊತೆ ಓಡುತ್ತದೆ. 16 ಡಿಗ್ರಿಯಲ್ಲಿ ಅದೇ ಘಟ್ಟ ಬೇಗ ಬಂದು ಬೇಗ ಮುಗಿಯುತ್ತದೆ. ನೀವು 5ನೇ ನಿಮಿಷಕ್ಕೆ ಮುಳುಗಿಸುವಷ್ಟರಲ್ಲಿ ಒಂದಷ್ಟು ಮೊಟ್ಟೆಗಳಲ್ಲಿ ಕದಿರು ತನ್ನ ಕೆಲಸ ಮುಗಿಸಿಯಾಗಿರುತ್ತದೆ. ಅವು ಡಿಪ್ಲಾಯ್ಡ್, ಅಂದರೆ ಎರಡೇ ಜೊತೆಯ ಮಾಮೂಲಿ ಮೀನು, ಆಗಿಯೇ ಉಳಿಯುತ್ತವೆ.

ಇದನ್ನು ಸರಿಪಡಿಸಲು ಊಹೆ ಬೇಕಿಲ್ಲ. 1961ರಲ್ಲಿ ಡೆಟ್‌ಲಾಫ್ ಎಂಬ ಹೆಸರಿನ ಇಬ್ಬರು ಸೋವಿಯತ್ ಭ್ರೂಣವಿಜ್ಞಾನಿಗಳು ಒಂದು ಅಳತೆ ಕೊಟ್ಟರು. ಭ್ರೂಣದ ಮೊದಲ ಕೆಲವು ಸೀಳುಗಳು (ಕೋಶ ಎರಡಾಗಿ ಒಡೆಯುವುದು) ಒಂದೇ ಲಯದಲ್ಲಿ ನಡೆಯುತ್ತವೆ. ಒಂದು ಸೀಳಿನಿಂದ ಮುಂದಿನ ಸೀಳಿಗೆ ಹಿಡಿಯುವ ಹೊತ್ತನ್ನು ಟಾವ್-ಸೊನ್ನೆ ಎನ್ನುತ್ತಾರೆ. ಉಷ್ಣತೆ ಬದಲಾದರೆ ಅದೂ ಬದಲಾಗುತ್ತದೆ, ಆದರೆ ಧ್ರುವಕಾಯ ಹೊರಬೀಳುವ ಹೊತ್ತು ಅದರ ಇಂತಿಷ್ಟು ಪಾಲು ಎಂಬುದು ಹೆಚ್ಚುಕಡಿಮೆ ಬದಲಾಗದೆ ಉಳಿಯುತ್ತದೆ. ಅಳೆಯುವುದು ಸುಲಭ. ಒಂದೇ ಹೆಣ್ಣಿನ, ಒಮ್ಮೆಗೇ ನೀರು ಮುಟ್ಟಿಸಿದ ಮೊಟ್ಟೆಗಳನ್ನು ಸ್ಥಿರ ಉಷ್ಣತೆಯಲ್ಲಿಟ್ಟು, ಪ್ರತಿ 2 ನಿಮಿಷಕ್ಕೆ 50 ಮೊಟ್ಟೆ ತೆಗೆದು ಸೂಕ್ಷ್ಮದರ್ಶಕದಡಿ ನೋಡಿ. ಹತ್ತರಲ್ಲೊಂದು ಮೊಟ್ಟೆಯಲ್ಲಿ ಎರಡನೇ ಸೀಳು ಕಾಣುವ ಹೊತ್ತು ಒಂದು, ಹತ್ತರಲ್ಲೊಂದರಲ್ಲಿ ಮೂರನೇ ಸೀಳು ಕಾಣುವ ಹೊತ್ತು ಇನ್ನೊಂದು. ನಡುವಿನ ಅಂತರವೇ ನಿಮ್ಮ ಸಂಖ್ಯೆ. ಇದನ್ನು 14ರಲ್ಲೂ 16ರಲ್ಲೂ ಅಳೆಯಿರಿ. ಉದಾಹರಣೆಗೆ 14ರಲ್ಲಿ ಅದು 40 ನಿಮಿಷ, 16ರಲ್ಲಿ 32 ನಿಮಿಷ ಬಂತು ಎಂದಿಟ್ಟುಕೊಳ್ಳಿ. 14ರ 5 ನಿಮಿಷಕ್ಕೆ 16ರಲ್ಲಿ ಸಮನಾಗುವುದು 4 ನಿಮಿಷ. ಒಂದು ನಿಮಿಷ ಸಣ್ಣದೆನಿಸಬಹುದು. ಇಡೀ ಕಿಟಕಿಯೇ ಎರಡು ಮೂರು ನಿಮಿಷದ್ದಾದಾಗ ಅದು ಸಣ್ಣದಲ್ಲ.

ಇದೆಲ್ಲ ತಲೆನೋವು ಎನಿಸಿದರೆ ಇನ್ನೂ ನೇರ ದಾರಿಯಿದೆ. ತಾಯಿಮೀನಿನ ತೊಟ್ಟಿ, ನಿಷೇಚನದ ನೀರು, ಮರಿಯಾಗುವ ತೊಟ್ಟಿ ಮೂರನ್ನೂ 13.5–14 ಡಿಗ್ರಿಗೆ ತಂದುಬಿಡಿ. ಪ್ರಕಟಿತ ಸಂಖ್ಯೆ ಆಗ ನಿಮ್ಮದೂ ಆಗುತ್ತದೆ. ಮೊಟ್ಟೆ 14ರದ್ದು, ಅದಕ್ಕೆ ಸುರಿದ ನೀರು ಕೋಣೆಯಲ್ಲಿಟ್ಟ 20 ಡಿಗ್ರಿಯದ್ದು ಎಂದಾದರೆ ಮತ್ತೆ ಮೊದಲಿಗೇ ಬಂದಂತೆ.

ಶೂನ್ಯ ಕ್ಷಣ ಯಾವುದು ಎಂಬುದರಲ್ಲೂ ಬಹಳ ಕಡೆ ಗೊಂದಲವಿದೆ. ವೀರ್ಯ ಹಾಕಿದ ಕ್ಷಣದಿಂದ ಎಣಿಸಬೇಡಿ, ಸಮುದ್ರದ ನೀರು ಸುರಿದ ಕ್ಷಣದಿಂದ ಎಣಿಸಿ. ಕಡಲ ಮೀನಿನ ವೀರ್ಯಾಣು ದೇಹದ್ರವದಲ್ಲಿ ಸುಮ್ಮನಿರುತ್ತದೆ, ಸಮುದ್ರದ ನೀರಿನ ಉಪ್ಪು ತಾಗಿದಾಗ ಏಳುತ್ತದೆ. ಸೀ ಬಾಸ್‌ನದ್ದು ಒಂದು ನಿಮಿಷವೂ ಸರಿಯಾಗಿ ಓಡುವುದಿಲ್ಲ. ಹಾಗಾಗಿ ಒಣ ಪಾತ್ರೆಯಲ್ಲಿ ಮೊಟ್ಟೆ ಮತ್ತು ವೀರ್ಯವನ್ನು ಮೊದಲೇ ಚೆನ್ನಾಗಿ ಬೆರೆಸಿ, ಆಮೇಲೆ ಒಂದೇ ಸಲಕ್ಕೆ ನೀರು ಸುರಿಯಬೇಕು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿದರೆ, ಇಲ್ಲವೇ ಮೊದಲೇ ನೀರಾದ ಮೊಟ್ಟೆಗೆ ವೀರ್ಯ ಹನಿಸಿದರೆ, ಮೊಟ್ಟೆಗಳು ಒಂದೊಂದೂ ಒಂದೊಂದು ಹೊತ್ತಿಗೆ ಎಚ್ಚರಗೊಳ್ಳುತ್ತವೆ. ಆಗ ಯಾವ ನಿಮಿಷಕ್ಕೆ ಆಘಾತ ಕೊಟ್ಟರೂ ಅರ್ಧಕ್ಕೆ ತಡ, ಅರ್ಧಕ್ಕೆ ಬೇಗ. ಗಂಡಿನ ಹೊಟ್ಟೆ ಒತ್ತಿದಾಗ ಮೊದಲು ಬರುವ ಹನಿಗಳಲ್ಲಿ ಮೂತ್ರ ಬೆರೆತಿರುತ್ತದೆ, ಅದನ್ನು ಒರೆಸಿಬಿಟ್ಟು ಮುಂದಿನದನ್ನು ಸಿರಿಂಜಿಗೆ ಎಳೆದುಕೊಳ್ಳಿ.

ಬಾನಿಯ ಲೆಕ್ಕಕ್ಕೆ ಬರೋಣ, ನಿಮ್ಮಲ್ಲಿ ದೊಡ್ಡ ನಷ್ಟ ಆಗಿರುವುದು ಇಲ್ಲೇ. 16 ಡಿಗ್ರಿಯ 300 ಮಿ.ಲೀ.ಯನ್ನು 0 ಡಿಗ್ರಿಯ 3 ಲೀಟರಿಗೆ ಸುರಿದರೆ, 16ನ್ನು 0.3ರಿಂದ ಗುಣಿಸಿ 3.3ರಿಂದ ಭಾಗಿಸಿ, ಮಿಶ್ರಣ ಸುಮಾರು 1.5 ಡಿಗ್ರಿಗೆ ಏರುತ್ತದೆ. ಗಡ್ಡೆ ಇನ್ನೂ ತೇಲುತ್ತಿದ್ದರೆ ಮತ್ತೆ ಇಳಿಯುತ್ತದೆ ನಿಜ, ಆದರೆ ಇಳಿಯುವಷ್ಟರಲ್ಲಿ ಬೇಕಾದ ನಿಮಿಷಗಳು ಕಳೆದಿರುತ್ತವೆ. 1.5 ಡಿಗ್ರಿಯಲ್ಲಿ ಕದಿರು ಕೆಲವು ಮೊಟ್ಟೆಗಳಲ್ಲಿ ಕಳಚುತ್ತದೆ, ಕೆಲವಲ್ಲಿ ಅರೆಬರೆ ಕಳಚುತ್ತದೆ. ಅರೆಬರೆಯಾದವೇ ಅಪಾಯದವು. ಕೆಲವು ವರ್ಣತಂತು ಉಳಿದು ಕೆಲವು ಹೊರಹೋದರೆ ಆ ಭ್ರೂಣ ಟ್ರಿಪ್ಲಾಯ್ಡೂ ಅಲ್ಲ, ಡಿಪ್ಲಾಯ್ಡೂ ಅಲ್ಲ. ಅಂಥವು ಬಹುಪಾಲು ಮೊಟ್ಟೆಯೊಡೆಯುವ ಮೊದಲೋ ಆದ ಕೂಡಲೆಯೋ ಸಾಯುತ್ತವೆ. ಬದುಕುಳಿದವು ಮೂರನೇ ಒಂದು ಪಾಲಿಗೆ ಇಳಿಯಲು ಇದೂ ಒಂದು ಕಾರಣ.

ಮೊಟ್ಟೆಯನ್ನು ನೀರಿನ ಸಮೇತ ಸುರಿಯಬೇಡಿ. 500 ಮೈಕ್ರಾನ್ ಜಾಲರಿಯ ತಳವಿರುವ ಅಗಲ ಕೊಳವೆಯಲ್ಲಿ ಸೋಸಿ, ನೀರು ಬಸಿದು, ಜಾಲರಿ ಸಮೇತ ಮುಳುಗಿಸಿ. ಬಸಿದ 150 ಮಿ.ಲೀ. ಮೊಟ್ಟೆಗೆ 20 ಲೀಟರ್ ಬಾನಿಯಿದ್ದರೆ ಏರಿಕೆ 0.1 ಡಿಗ್ರಿಯ ಆಸುಪಾಸು, ಲೆಕ್ಕಕ್ಕೇ ಇಲ್ಲ. ಉಷ್ಣತಾಮಾಪಕದ ತುದಿಯನ್ನು ಬಾನಿಯ ಮೂಲೆಯಲ್ಲಿಡದೆ ಮೊಟ್ಟೆಯ ರಾಶಿಯ ನಡುವೆ ಇಡಿ. ಸಮುದ್ರದ ನೀರು ಹೆಪ್ಪುಗಟ್ಟುವುದು −1.9 ಡಿಗ್ರಿಯ ಸುಮಾರಿಗೆ, ಆದ್ದರಿಂದ 0 ಡಿಗ್ರಿಯಲ್ಲಿ ಅದು ಪೂರ್ತಿ ನೀರಾಗಿಯೇ ಇರುತ್ತದೆ ಎಂಬುದು ನಿಮ್ಮ ಅನುಕೂಲ. ಆ ಅನುಕೂಲವನ್ನು ಸಿಹಿನೀರಿನ ಗಡ್ಡೆ ಹಾಕಿ ಕೆಡಿಸಬೇಡಿ. 3 ಲೀಟರ್ ನೀರನ್ನು 16ರಿಂದ 0ಗೆ ಇಳಿಸಲು ಅರ್ಧ ಕಿಲೋಗಿಂತ ಹೆಚ್ಚು ಗಡ್ಡೆ ಕರಗಬೇಕು. ಅಷ್ಟು ಸಿಹಿನೀರು ಸೇರಿದರೆ ಸಾವಿರಕ್ಕೆ 35 ಇದ್ದ ಲವಣಾಂಶ 30ರ ಕೆಳಗೆ ಬೀಳುತ್ತದೆ. ಚಳಿಯ ಪೆಟ್ಟಿನ ಜೊತೆಗೆ ಇದು ಇನ್ನೊಂದು ಪೆಟ್ಟು. ಚಿಲ್ಲರ್ ಸುರುಳಿ ಬಳಸಿ, ಇಲ್ಲವೇ ಗಡ್ಡೆಯನ್ನು ಮುಚ್ಚಿದ ಬಾಟಲಿಗಳಲ್ಲಿಟ್ಟು ಮುಳುಗಿಸಿ. ಬಿಡಿ ಹರಳು ಮೊಟ್ಟೆಗೆ ತಾಗಬಾರದು.

ಒಳ್ಳೆಯ ಮೊಟ್ಟೆ ತೇಲುತ್ತದೆ, ತಣ್ಣಗಿನ ದಟ್ಟ ನೀರಿನಲ್ಲಿ ಇನ್ನೂ ತೇಲುತ್ತದೆ. ಮೇಲೆ ಕೆನೆಗಟ್ಟಿ ನಿಂತ ಮೊಟ್ಟೆಯ ಮೇಲುಪದರ ಕೋಣೆಯ ಗಾಳಿಗೆ ಒಡ್ಡಿಕೊಂಡಿರುತ್ತದೆ, ಒಳಪದರಕ್ಕೆ ಚಳಿ ತಡವಾಗಿ ಇಳಿಯುತ್ತದೆ. ಕೊಳವೆಗೆ ಮೇಲಿನಿಂದಲೂ ಜಾಲರಿ ಮುಚ್ಚಿ ಪೂರ್ತಿ ಮುಳುಗಿಸಿಡಿ. ಪದರ ಒಂದು ಸೆಂಟಿಮೀಟರ್ ಮೀರದಿರಲಿ, ನಿಮಿಷಕ್ಕೊಮ್ಮೆ ಕೊಳವೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಗಾಳಿಗುಳ್ಳೆ ಬಿಟ್ಟು ಕದಡಬೇಡಿ. ಈ ಘಟ್ಟದ ಮೊಟ್ಟೆ ಕುಲುಕಾಟ ತಡೆಯುವುದಿಲ್ಲ.

ಮೂರು ಹೆಣ್ಣುಗಳಲ್ಲಿ ಮೂರು ಫಲ ಬಂದದ್ದಕ್ಕೆ ಬೇರೆ ಕಾರಣವಿದೆ. ಮೊಟ್ಟೆಯ ಹದ. ಹಾರ್ಮೋನ್ ಚುಚ್ಚಿದ ಹೆಣ್ಣಿನಲ್ಲಿ ಅಂಡೋತ್ಸರ್ಗವಾದ ಮೇಲೆ ಮೊಟ್ಟೆ ಹೊಟ್ಟೆಯಲ್ಲೇ ಕಾಯುತ್ತಾ ಹಳಸುತ್ತದೆ. ಟರ್ಬಟ್‌ನಲ್ಲಿ ಸುಮಾರು ಹತ್ತು ಗಂಟೆ ತಡೆದೀತು. ಸೀ ಬಾಸ್‌ನಲ್ಲಿ ಅಷ್ಟು ಸಡಿಲು ಸಿಗುವುದಿಲ್ಲ, ಅಂಡೋತ್ಸರ್ಗ ಗೊತ್ತಾದ ಕೂಡಲೇ ಹಿಂಡಬೇಕು. ಹಳಸಿದ ಮೊಟ್ಟೆ ಆಘಾತವಿಲ್ಲದೆ ಹೇಗೋ ಬದುಕೀತು, ಆಘಾತ ಕೊಟ್ಟರೆ ಕುಸಿಯುತ್ತದೆ. ಅದರಲ್ಲಿ ತಾನಾಗಿಯೇ ಧ್ರುವಕಾಯ ಉಳಿದುಕೊಳ್ಳುವುದೂ ಉಂಟು, ಹಾಗಾಗಿ ಫಲಿತಾಂಶ ಯಾವ ಕಡೆಗಾದರೂ ವಾಲಬಹುದು. ಆಘಾತ ಕೊಡದ ಪಾಲಿನಲ್ಲಿ ನಿಷೇಚನ ಶೇ 80ರ ಕೆಳಗಿದ್ದರೆ ಆ ಹೆಣ್ಣಿನ ಮೊಟ್ಟೆಯನ್ನು ಪ್ರಯೋಗದಿಂದ ಕೈಬಿಡಿ. ಅದರಿಂದ ಬಂದ ಯಾವ ಸಂಖ್ಯೆಯೂ ಏನನ್ನೂ ಹೇಳುವುದಿಲ್ಲ.

ಹೊಂದಾಣಿಕೆಯ ಪ್ರಯೋಗವನ್ನು ಹೀಗೆ ಇಟ್ಟುಕೊಳ್ಳಿ. ಒಂದೇ ಹೆಣ್ಣಿನ ಮೊಟ್ಟೆ, ಎರಡು ಮೂರು ಗಂಡುಗಳ ಬೆರೆಸಿದ ವೀರ್ಯ. ಸೀ ಬಾಸ್ ಮೊಟ್ಟೆ ಒಂದು ಗ್ರಾಮಿಗೆ ಸುಮಾರು 1000 ಬರುವುದರಿಂದ ಒಂದೊಂದು ಪಾಲಿಗೆ 2 ಗ್ರಾಂ ಸಾಕು. ಒಂದು ಪಾಲನ್ನು ಮುಟ್ಟದೆ ಬಿಡಿ. ಇನ್ನೊಂದನ್ನು ಜಾಲರಿಯಲ್ಲಿ ಸೋಸಿ, ಮುಳುಗಿಸಿ, ಎಲ್ಲ ಮಾಡಿ, ಆದರೆ 14 ಡಿಗ್ರಿ ನೀರಿನಲ್ಲೇ. ಸೋಸಾಟದಿಂದ ಎಷ್ಟು ಸತ್ತವು, ಚಳಿಯಿಂದ ಎಷ್ಟು ಸತ್ತವು ಎಂದು ಬೇರ್ಪಡಿಸುವುದು ಈ ಎರಡನೇ ಪಾಲು. ಇದನ್ನು ಬಹಳ ಜನ ಮಾಡುವುದಿಲ್ಲ, ಆಮೇಲೆ ಎಲ್ಲ ಸಾವನ್ನೂ ಚಳಿಯ ತಲೆಗೆ ಕಟ್ಟುತ್ತಾರೆ. ಉಳಿದವಕ್ಕೆ ಶುರುವಿನ ಹೊತ್ತು 3, 4, 5, 6, 7 ನಿಮಿಷ, ಅವಧಿ ಎಲ್ಲಕ್ಕೂ 15 ನಿಮಿಷ. ಹೊತ್ತು ಸಿಕ್ಕ ಮೇಲೆ ಅದೇ ಹೊತ್ತಿನಲ್ಲಿ 10, 15, 20 ನಿಮಿಷದ ಅವಧಿ. ಎರಡನ್ನೂ ಒಂದೇ ದಿನ ಬೆರೆಸಿದರೆ ಕೈಗಳೂ ಗಡಿಯಾರಗಳೂ ಸಾಲವು.

ಫಲವನ್ನು ಟ್ರಿಪ್ಲಾಯ್ಡ್ ಪ್ರಮಾಣ ಒಂದರಿಂದಲೇ ಅಳೆಯಬೇಡಿ. ಅದನ್ನು, ಮುಟ್ಟದ ಪಾಲಿಗೆ ಹೋಲಿಸಿದ ಬದುಕುಳಿವಿನೊಂದಿಗೆ ಗುಣಿಸಿ. ಶೇ 100 ಟ್ರಿಪ್ಲಾಯ್ಡ್, ಬದುಕುಳಿವು ಶೇ 35 ಆದರೆ ಇಳುವರಿ 35. ಶೇ 92 ಟ್ರಿಪ್ಲಾಯ್ಡ್, ಬದುಕುಳಿವು 75 ಆದರೆ 69. ಬೆಳವಣಿಗೆಗಾಗಿ ಮಾಡುವವರಿಗೆ ಎರಡನೆಯದೇ ಲಾಭ. ಆದರೆ ಪಂಜರದಿಂದ ತಪ್ಪಿಸಿಕೊಂಡ ಮೀನು ಕಾಡುಮೀನಿನೊಂದಿಗೆ ಬೆರೆಯಬಾರದು ಎಂಬುದು ಉದ್ದೇಶವಾಗಿದ್ದರೆ ಲೆಕ್ಕವೇ ಬೇರೆ, ಅಲ್ಲಿ ಉಳಿದ ಶೇ 8 ಡಿಪ್ಲಾಯ್ಡ್ ಇಡೀ ಉದ್ದೇಶವನ್ನು ಹಾಳುಮಾಡುತ್ತದೆ.

ತಪ್ಪಿನ ಗುರುತು ಹಿಡಿಯಲು ಒಂದು ಸುಳಿವು. ಬದುಕುಳಿವು ಚೆನ್ನಾಗಿದ್ದು ಟ್ರಿಪ್ಲಾಯ್ಡ್ ಕಡಿಮೆಯಾದರೆ ಆಘಾತ ತಡವಾಗಿದೆ ಅಥವಾ ಸಾಲದು. ಟ್ರಿಪ್ಲಾಯ್ಡ್ ಪ್ರಮಾಣ ಉತ್ತಮವಿದ್ದು ಬದುಕುಳಿವು ಕಡಿಮೆಯಾದರೆ ಅವಧಿ ಹೆಚ್ಚಾಗಿದೆ ಅಥವಾ ತೀರಾ ಬೇಗ ಕೊಟ್ಟಿದ್ದೀರಿ. ಎರಡೂ ಕಡಿಮೆ, ಅದೂ ಒಂದು ಹೆಣ್ಣಿನಿಂದ ಇನ್ನೊಂದಕ್ಕೆ ಏರುಪೇರು ಎಂದಾದರೆ ಬಾನಿಯ ಉಷ್ಣತೆ ಮತ್ತು ಮೊಟ್ಟೆಯ ಹದ. ನಿಮ್ಮದು ಮೂರನೆಯದು.

ತಣ್ಣೀರಿನ ಬದಲು ಒತ್ತಡ ಬಳಸಬಹುದು. ಸೀ ಬಾಸ್‌ಗೆ 6ನೇ ನಿಮಿಷಕ್ಕೆ ಸುಮಾರು 58–62 ಮೆಗಾಪಾಸ್ಕಲ್, 2 ನಿಮಿಷ. ಒತ್ತಡ ರಾಶಿಯ ನಡುವಿಗೂ ಅಂಚಿಗೂ ಒಂದೇ ಕ್ಷಣಕ್ಕೆ ತಲುಪುತ್ತದೆ, ಅದರಿಂದ ಫಲ ಏಕರೂಪವಾಗಿ ಬರುತ್ತದೆ. ತೊಡಕು ಎರಡು. ದಪ್ಪ ಉಕ್ಕಿನ ಸಿಲಿಂಡರ್ ಮತ್ತು ಹೈಡ್ರಾಲಿಕ್ ಪ್ರೆಸ್ ಬೇಕು, ಒಂದು ಸಲಕ್ಕೆ ಹಿಡಿಯುವುದೂ ಸ್ವಲ್ಪವೇ. ಮುಚ್ಚುವ ಮುನ್ನ ಒಳಗಿನ ಗಾಳಿಯನ್ನು ಕೊನೆಯ ಗುಳ್ಳೆಯವರೆಗೂ ಹೊರಬಿಡಿ. ಒತ್ತಿದ ನೀರಿನಲ್ಲಿ ಶೇಖರವಾಗುವ ಶಕ್ತಿ ಅಲ್ಪ, ಒತ್ತಿದ ಗಾಳಿಯಲ್ಲಿ ಅಪಾರ. ಸಿಲಿಂಡರ್ ಸೀಲು ಹಾರಿಹೋಗುವುದು ಆ ಗಾಳಿಯಿಂದಲೇ. ದೊಡ್ಡ ಪ್ರಮಾಣದ ಸೀ ಬಾಸ್ ಮೊಟ್ಟೆಗೆ ನಾನು ತಣ್ಣೀರನ್ನೇ ಸೂಚಿಸುತ್ತೇನೆ. ಸಾಲ್ಮನ್‌ನಲ್ಲಿ ಮಾತ್ರ ಒತ್ತಡವೇ ರೂಢಿ. ಅಲ್ಲಿ ಲೆಕ್ಕ ನಿಮಿಷ-ಡಿಗ್ರಿಯಲ್ಲಿ, ಅಂದರೆ 10 ಡಿಗ್ರಿಯಲ್ಲಿ 30 ನಿಮಿಷ ಕಳೆದರೆ 300. ಆ ಹೊತ್ತಿಗೆ ಸುಮಾರು 65 ಮೆಗಾಪಾಸ್ಕಲ್, 5 ನಿಮಿಷ. ಟರ್ಬಟ್‌ಗೆ ಮತ್ತೆ ತಣ್ಣೀರಿನ ಆಘಾತವೇ: 13–14 ಡಿಗ್ರಿಯ ಮೊಟ್ಟೆಗೆ ಆರೇಳನೇ ನಿಮಿಷದಿಂದ, 0 ಡಿಗ್ರಿಯಲ್ಲಿ 20–25 ನಿಮಿಷ.

ಮರಿಗಳು ಟ್ರಿಪ್ಲಾಯ್ಡ್ ಹೌದೋ ಅಲ್ಲವೋ ಎಂದು ಹೇಗೆ ನೋಡಿದಿರಿ ಎಂದು ನೀವು ಬರೆದಿಲ್ಲ. ಫ್ಲೋ ಸೈಟೋಮೀಟರ್ (ಕೋಶಗಳ ಡಿಎನ್‌ಎ ಪ್ರಮಾಣ ಅಳೆಯುವ ಯಂತ್ರ) ಇದ್ದರೆ ಒಂದೊಂದು ಮರಿಯನ್ನೂ ಬೇರೆಯಾಗಿ ಓಡಿಸಿ, ಹತ್ತಾರು ಮರಿಗಳನ್ನು ಅರೆದು ಒಂದೇ ಮಾದರಿ ಮಾಡಬೇಡಿ. ಡಿಪ್ಲಾಯ್ಡ್ ಶಿಖರ 100ರಲ್ಲಿ ನಿಲ್ಲುವಂತೆ ಹೊಂದಿಸಿದರೆ ಟ್ರಿಪ್ಲಾಯ್ಡ್ 150ರಲ್ಲಿ, ಹ್ಯಾಪ್ಲಾಯ್ಡ್ (ಒಂದೇ ಜೊತೆಯದ್ದು) 50ರಲ್ಲಿ ಬರಬೇಕು. 120–130ರಲ್ಲಿ ನಿಂತವು ವರ್ಣತಂತು ಅರೆಬರೆ ಉಳಿದವು. ಯಂತ್ರವಿಲ್ಲದಿದ್ದರೆ ಮರಿ ಕೆಲವು ಗ್ರಾಂ ತೂಗುವವರೆಗೆ ಕಾದು ರಕ್ತದ ಲೇಪ ಮಾಡಿ, ಮೀನಿಗೆ 30–50 ಕೆಂಪು ಕಣಗಳ ಕೋಶಕೇಂದ್ರದ ಉದ್ದ ಅಳೆಯಿರಿ. ಟ್ರಿಪ್ಲಾಯ್ಡ್‌ನಲ್ಲಿ ಕೋಶಕೇಂದ್ರ ದೊಡ್ಡದು, ಉದ್ದವೂ ಸ್ಪಷ್ಟವಾಗಿ ಹೆಚ್ಚು. ಕೋಶ ದೊಡ್ಡದಾದಷ್ಟೂ ಸಂಖ್ಯೆ ಕಡಿಮೆಯಾಗುವುದರಿಂದ ಮೀನಿನ ಗಾತ್ರ ಮಾತ್ರ ಅಷ್ಟೇ.

ಎಷ್ಟು ಮರಿ ನೋಡಬೇಕು? 30 ನೋಡಿ ಎಲ್ಲವೂ ಟ್ರಿಪ್ಲಾಯ್ಡ್ ಬಂದರೆ ತೊಟ್ಟಿಯೆಲ್ಲ ಟ್ರಿಪ್ಲಾಯ್ಡ್ ಎಂದು ಹೇಳುವಂತಿಲ್ಲ. ಮೂರನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಿ ಬರುವುದು ಶೇ 95 ವಿಶ್ವಾಸದ ಮೇಲ್ಮಿತಿ: 30 ನೋಡಿದರೆ ಶೇ 10ರವರೆಗೆ ಡಿಪ್ಲಾಯ್ಡ್ ಅಡಗಿರಬಹುದು, 60 ನೋಡಿದರೆ 5, 300 ನೋಡಿದರೆ 1. ಮೊಟ್ಟೆಯೊಡೆದ ಮರುದಿನ ಒಮ್ಮೆ, ಆಹಾರ ತಿನ್ನಲು ಕಲಿತ ಮೇಲೆ ಇನ್ನೊಮ್ಮೆ ನೋಡಿ. ನಡುವೆ ದುರ್ಬಲವಾದವು ಸತ್ತು ಪ್ರಮಾಣ ಬದಲಾಗಿರುತ್ತದೆ.

ಇಷ್ಟೆಲ್ಲ ಮಾಡಿ ಶೇ 100 ಬಂದಮೇಲೆ ನಿಮಗೆ ಸಿಗುವುದೇನು ಎಂದು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು. ಟ್ರಿಪ್ಲಾಯ್ಡ್ ಎಂದರೆ ವೇಗವಾಗಿ ಬೆಳೆಯುವ ಮೀನು ಎಂಬ ಮಾತು ಹ್ಯಾಚರಿಗಳಲ್ಲಿ ಓಡಾಡುತ್ತದೆ. ಸೀ ಬಾಸ್‌ನಲ್ಲಿ ಅದು ನಿಂತಿಲ್ಲ. ಬಲಿಯುವ ಮೊದಲು ಟ್ರಿಪ್ಲಾಯ್ಡ್‌ಗಳು ಡಿಪ್ಲಾಯ್ಡ್‌ಗಳ ಸಮಕ್ಕೆ ಅಥವಾ ತುಸು ಹಿಂದೆ ಬೆಳೆಯುತ್ತವೆ. ಲಾಭ ಏನಿದ್ದರೂ ಬಲಿಯುವ ವಯಸ್ಸು ದಾಟಿದ ಮೇಲೆ. ಅದಕ್ಕೆ ಮೊದಲೇ ಮಾರುವವರಿಗೆ ಈ ಶ್ರಮ ವ್ಯರ್ಥ. ಬಂಜೆತನವೂ ಎರಡು ಲಿಂಗಗಳಲ್ಲಿ ಸಮನಲ್ಲ. ಟ್ರಿಪ್ಲಾಯ್ಡ್ ಹೆಣ್ಣಿನ ಅಂಡಾಶಯ ದಾರದಂತೆ ಉಳಿಯುತ್ತದೆ. ಗಂಡಿನಲ್ಲಿ ವೃಷಣ ಅಷ್ಟಿಷ್ಟು ಬೆಳೆಯುತ್ತದೆ, ಅದರ ವೀರ್ಯಾಣುಗಳ ವರ್ಣತಂತು ಲೆಕ್ಕ ತಪ್ಪಿರುವುದರಿಂದ ಮರಿ ಉಳಿಯುವುದಿಲ್ಲ ಅಷ್ಟೇ. ಗಂಡು ಬಲಿತು ಹಿಂದೆ ಬೀಳುವುದೇ ನಿಮ್ಮ ದೂರಾದರೆ ಟ್ರಿಪ್ಲಾಯ್ಡ್ ಅದನ್ನು ತಗ್ಗಿಸೀತು, ಗಂಡನ್ನು ಹೆಣ್ಣು ಮಾಡದು.

ಸಾಕುವಾಗ ಅವನ್ನು ಡಿಪ್ಲಾಯ್ಡ್‌ಗಳ ಜೊತೆ ಒಂದೇ ತೊಟ್ಟಿಗೆ ಬಿಡಬೇಡಿ, ಮೇವಿನ ಪೈಪೋಟಿಯಲ್ಲಿ ಸೋಲುತ್ತವೆ. ಆಮ್ಲಜನಕ ಇಳಿದಾಗ, ನೀರು ಬಿಸಿಯಾದಾಗ ಮೊದಲು ಬಳಲುವುದೂ ಅವೇ. ಸಾಲ್ಮನ್‌ನಲ್ಲಿ ಟ್ರಿಪ್ಲಾಯ್ಡ್‌ಗಳಿಗೆ ಬೆನ್ನೆಲುಬಿನ ವಿಕಾರ ತಪ್ಪಿಸಲು ಹೆಚ್ಚು ರಂಜಕ, ಕಣ್ಣಿನ ಪೊರೆ ತಪ್ಪಿಸಲು ಹೆಚ್ಚು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಬೇಕೆಂದು ಗೊತ್ತಾಗಿದೆ. ಡಿಪ್ಲಾಯ್ಡ್‌ನ ಮೇವಿನ ಪಟ್ಟಿ ಟ್ರಿಪ್ಲಾಯ್ಡ್‌ಗೂ ಸರಿಹೊಂದುತ್ತದೆ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ.

ಇನ್ನು ಗೈನೋಜೆನೆಸಿಸ್. ವೀರ್ಯಾಣುವಿನ ವರ್ಣತಂತುಗಳನ್ನು ಅತಿನೇರಳೆ ಬೆಳಕಿನಿಂದ ಒಡೆದುಹಾಕಿ, ಅದರ ಓಟವನ್ನು ಮಾತ್ರ ಉಳಿಸಿಕೊಂಡು, ಅದರಿಂದ ಮೊಟ್ಟೆಯನ್ನು ಎಬ್ಬಿಸುವುದು ಇದರ ತಿರುಳು. ಬರೇ ಹಾಗೆ ಬಿಟ್ಟರೆ ಭ್ರೂಣದಲ್ಲಿ ತಾಯಿಯ ಒಂದೇ ಜೊತೆ ಇರುತ್ತದೆ. ಅಂಥ ಮರಿ ಗಿಡ್ಡ, ಬೆನ್ನು ಬಾಗಿ, ನೀರು ತುಂಬಿ, ಮೊಟ್ಟೆಯೊಡೆಯುವ ಆಸುಪಾಸಿನಲ್ಲಿ ಸಾಯುತ್ತದೆ. ಮೇಲೆ ಹೇಳಿದ ಆಘಾತವನ್ನೇ ಕೊಟ್ಟು ಧ್ರುವಕಾಯ ಉಳಿಸಿದರೆ ಎರಡು ಜೊತೆಯಾಗುತ್ತದೆ, ಎರಡೂ ತಾಯಿಯವು. ಆಘಾತವನ್ನು ತಡಮಾಡಿ ಮೊದಲ ಸೀಳನ್ನು ತಡೆದರೆ ಒಂದೇ ಜೊತೆ ಇಮ್ಮಡಿಯಾಗಿ ಪ್ರತಿ ಜೀನೂ ತನ್ನದೇ ಪಡಿಯಚ್ಚಿನ ಜೊತೆ ಕೂರುತ್ತದೆ. ಆ ಎರಡನೇ ಬಗೆಯಲ್ಲಿ ಅಡಗಿದ್ದ ಕೆಟ್ಟ ಜೀನುಗಳೆಲ್ಲ ಬಯಲಾಗಿ ಉಳಿಯುವವು ಬೆರಳೆಣಿಕೆ. ಅದು ಶುದ್ಧ ವಂಶ, ತದ್ರೂಪಿ ಸಾಲು ಮಾಡುವವರ ಕೆಲಸ, ಮಾರಾಟದ ಮರಿಗಲ್ಲ.

ಬೆಳಕಿನ ಕೆಲಸದಲ್ಲಿ ಜನ ಎಡವುವುದು ಸಣ್ಣ ಸಂಗತಿಗಳಲ್ಲಿ. ದೀಪ 254 ನ್ಯಾನೋಮೀಟರಿನದ್ದಿರಲಿ, 15–20 ನಿಮಿಷ ಉರಿದು ಸ್ಥಿರವಾದ ಮೇಲೆ ಬಳಸಿ. ವೀರ್ಯ ಹಾಲಿನಂತೆ ದಟ್ಟ, ಬೆಳಕು ಒಳಗೆ ಇಳಿಯುವುದೇ ಇಲ್ಲ. ದೇಹದ್ರವದಷ್ಟೇ ಸಾಂದ್ರತೆಯ, ಲೀಟರಿಗೆ 300 ಮಿಲಿಆಸ್ಮೋಲ್ ಸುಮಾರಿನ ಲವಣ ದ್ರಾವಣದಲ್ಲಿ ತೆಳುಮಾಡಿ. ಸಮುದ್ರದ ನೀರಿನಲ್ಲಿ ತೆಳುಮಾಡಿದರೆ ವೀರ್ಯಾಣುಗಳು ಅಲ್ಲೇ ಓಡಿ ಮುಗಿಸುತ್ತವೆ. 9 ಸೆಂ.ಮೀ. ತಟ್ಟೆಗೆ 5 ಮಿ.ಲೀ. ಹಾಕಿದರೆ ಪದರ 0.8 ಮಿ.ಮೀ. ಬರುತ್ತದೆ, ಅದಕ್ಕಿಂತ ದಪ್ಪ ಬೇಡ. ತಟ್ಟೆ ಮಂಜಿನ ಮೇಲಿರಲಿ, ಉದ್ದಕ್ಕೂ ಅಲುಗಾಡುತ್ತಿರಲಿ. ಮುಚ್ಚಳ ತೆಗೆಯಿರಿ, ಗಾಜೂ ಮಾಮೂಲಿ ಪ್ಲಾಸ್ಟಿಕ್ಕೂ ಆ ಬೆಳಕನ್ನು ನುಂಗಿಬಿಡುತ್ತವೆ. ಆಮೇಲಿನ ಕೆಲಸ ಮಬ್ಬಿನಲ್ಲಿ ನಡೆಯಲಿ, ಏಕೆಂದರೆ ಹಗಲ ಬೆಳಕು ಬಿದ್ದರೆ ಮುರಿದ ಡಿಎನ್‌ಎ ದುರಸ್ತಿಯಾಗತೊಡಗುತ್ತದೆ.

ಬೆಳಕಿನ ಪ್ರಮಾಣ ಹುಡುಕುವಾಗ ಒಂದು ವಿಚಿತ್ರ ಕಾಣುತ್ತದೆ. ಸ್ವಲ್ಪ ಬೆಳಕಿಗೆ ಭ್ರೂಣಗಳು ಬೇಗ ಸಾಯುತ್ತವೆ, ಇನ್ನಷ್ಟು ಕೊಟ್ಟರೆ ಎಲ್ಲ ಸಾಯುತ್ತವೆ, ಮತ್ತೂ ಹೆಚ್ಚಿಸಿದರೆ ಒಮ್ಮೆಲೇ ಹೆಚ್ಚು ದಿನ ಬದುಕತೊಡಗುತ್ತವೆ. ಅರ್ಧ ಒಡೆದ ತಂದೆಯ ವರ್ಣತಂತು ವಿಷವಿದ್ದಂತೆ, ಪೂರ್ತಿ ಒಡೆದದ್ದು ಇಲ್ಲದಂತೆಯೇ. 1911ರಲ್ಲಿ ಆಸ್ಕರ್ ಹರ್ಟ್‌ವಿಗ್ ಗುರುತಿಸಿದ ಈ ಏರಿಳಿತದ ಎರಡನೇ ಏರಿಕೆಯಲ್ಲಿ, ಓಟ ಇನ್ನೂ ಉಳಿದಿರುವ ಪ್ರಮಾಣವೇ ನಿಮಗೆ ಬೇಕಾದದ್ದು. ಪ್ರತಿ ಸಲವೂ ನಾಲ್ಕು ಪಾಲು ಇಡಿ: ಮಾಮೂಲಿ ವೀರ್ಯ ಆಘಾತವಿಲ್ಲದೆ, ಮಾಮೂಲಿ ವೀರ್ಯ ಆಘಾತದೊಂದಿಗೆ, ಬೆಳಕು ಹಾಯಿಸಿದ ವೀರ್ಯ ಆಘಾತವಿಲ್ಲದೆ, ಬೆಳಕು ಹಾಯಿಸಿದ ವೀರ್ಯ ಆಘಾತದೊಂದಿಗೆ. ಮೂರನೇ ಪಾಲಿನಲ್ಲಿ ಒಂದೇ ಒಂದು ನೆಟ್ಟಗಿನ ಮರಿ ಕಂಡರೂ ತಂದೆಯ ಜೀನು ನುಸುಳಿದೆ ಎಂದು ಶಂಕಿಸಬೇಕು. ಈ ಅಂಜಿಕೆಗೇ ಹಿರಮೆ ಎಂಬ ಜಪಾನಿ ಚಪ್ಪಟೆ ಮೀನಿನಲ್ಲಿ ಕೆಂಪು ಸೀ ಬ್ರೀಮ್‌ನ ವೀರ್ಯ ಬಳಸುತ್ತಾರೆ. ತಪ್ಪಿ ನಿಜವಾದ ನಿಷೇಚನವಾದರೂ ಆ ಮಿಶ್ರತಳಿ ಬದುಕುವುದಿಲ್ಲ.

ಈಗ ಲಿಂಗದ ವಿಷಯ. ಹಿರಮೆಯಲ್ಲಿ ಹೆಣ್ಣು ಎಕ್ಸ್‌ಎಕ್ಸ್, ಗಂಡು ಎಕ್ಸ್‌ವೈ. ತಾಯಿಯಿಂದ ಮಾತ್ರ ಹುಟ್ಟಿದವೆಲ್ಲ ಎಕ್ಸ್‌ಎಕ್ಸ್. ಅಲ್ಲೂ 18 ಡಿಗ್ರಿಯಲ್ಲಿ ಬೆಳೆಸಿದರೆ ಹೆಣ್ಣು, 27ರಲ್ಲಿ ಬೆಳೆಸಿದರೆ ಅದೇ ಎಕ್ಸ್‌ಎಕ್ಸ್ ಗಂಡಾಗುತ್ತದೆ. ಹಾಗೆ ಗಂಡಾದ ಎಕ್ಸ್‌ಎಕ್ಸ್ ಮೀನನ್ನು ಮಾಮೂಲಿ ಹೆಣ್ಣಿಗೆ ಕೂಡಿಸಿದರೆ ಮುಂದಿನ ಪೀಳಿಗೆಯೆಲ್ಲ ಎಕ್ಸ್‌ಎಕ್ಸ್, ಪ್ರತಿ ವರ್ಷ ಬೆಳಕು-ಆಘಾತದ ಹಂಗಿಲ್ಲ. ಹ್ಯಾಲಿಬಟ್‌ನಲ್ಲೂ ಎಲ್ಲ ಹೆಣ್ಣು ಮಾಡುವುದು ಲಿಂಗ ಬದಲಿಸಿದ ಗಂಡುಗಳಿಂದಲೇ. ಟರ್ಬಟ್ ಮತ್ತು ನಂಗು ಕುಲದ ಚೀನಾದ ನಾಲಗೆಮೀನಿನಲ್ಲಿ ಹೆಣ್ಣೇ ಜೆಡ್‌ಡಬ್ಲ್ಯು, ಅಂದರೆ ಎರಡು ಬಗೆಯ ಲಿಂಗ ವರ್ಣತಂತು ಇರುವುದು ಹೆಣ್ಣಿನಲ್ಲಿ. ಅಲ್ಲಿ ಗೈನೋಜೆನೆಸಿಸ್ ಮಾಡಿದರೆ ಗಂಡುಗಳೂ ಬರುತ್ತವೆ. ಗಿಲ್ಟ್‌ಹೆಡ್ ಸೀ ಬ್ರೀಮ್, ಬರಮುಂಡಿಗಳಂತೂ ಮೊದಲು ಗಂಡಾಗಿದ್ದು ಆಮೇಲೆ ಹೆಣ್ಣಾಗುವ ಮೀನುಗಳು, ಅವುಗಳಲ್ಲಿ ಈ ಮಾತೇ ಬೇರೆ.

ನಿಮ್ಮ ಸೀ ಬಾಸ್‌ಗೆ ಎಕ್ಸ್‌ವೈ ಇಲ್ಲ, ಜೆಡ್‌ಡಬ್ಲ್ಯುವೂ ಇಲ್ಲ. ಲಿಂಗ ತೀರ್ಮಾನವಾಗುವುದು ಹಲವು ಜೀನುಗಳ ಒಟ್ಟು ಒಲವಿನಿಂದ ಮತ್ತು ಮರಿಗಾಲದ ನೀರಿನ ಉಷ್ಣತೆಯಿಂದ. ತಾಯಿಯ ಜೀನು ಮಾತ್ರ ಇರುವ ಗೈನೋಜೆನೆಟಿಕ್ ಸೀ ಬಾಸ್‌ಗಳಲ್ಲೂ ಗಂಡುಗಳು ಬಂದದ್ದು ದಾಖಲಾಗಿದೆ. ಹೆಚ್ಚು ಗಂಡು ಹುಟ್ಟುವುದಕ್ಕೆ ಹ್ಯಾಚರಿಯೇ ಬಹುಮಟ್ಟಿಗೆ ಕಾರಣ. ಬೇಗ ಬೆಳೆಯಲೆಂದು ಮರಿಗಳನ್ನು ಮೊದಲ ವಾರಗಳಲ್ಲೇ 20 ಡಿಗ್ರಿ ದಾಟಿಸಿದರೆ ಹೆಣ್ಣುಹಾರ್ಮೋನ್ ಮಾಡುವ ಅರೋಮಟೇಸ್ ಎಂಬ ಕಿಣ್ವದ ಜೀನಿನ ಮೇಲೆ ಮಿಥೈಲ್ ಗುರುತುಗಳು ಹೆಚ್ಚಿ ಅದು ಮಂಕಾಗುತ್ತದೆ. 2011ರಲ್ಲಿ ಇದು ಇದೇ ಮೀನಿನಲ್ಲಿ ತೋರಿಸಲ್ಪಟ್ಟಿತು. ಹಾಗಾಗಿ ಮೊದಲ ಎರಡು ತಿಂಗಳು ನೀರನ್ನು 17 ಡಿಗ್ರಿ ಮೀರಗೊಡಬೇಡಿ, ಆಮೇಲೆ ನಿಧಾನವಾಗಿ 21ಕ್ಕೆ ಏರಿಸಿ. ಎರಡು ತಿಂಗಳ ಬೆಳವಣಿಗೆ ತುಸು ತಡವಾಗುತ್ತದೆ, ಅದನ್ನು ಹೆಣ್ಣುಗಳ ಬೆಳವಣಿಗೆಯೇ ತುಂಬಿಕೊಡುತ್ತದೆ. ಮರಿಗಳನ್ನು ಜಾಲರಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವಾಗ ದೊಡ್ಡ ಗುಂಪಿನಲ್ಲಿ ಹೆಣ್ಣುಗಳ ಪಾಲು ಹೆಚ್ಚಿರುತ್ತದೆ. ಆ ಗುಂಪನ್ನೇ ಪಂಜರಕ್ಕೆ ಇಟ್ಟುಕೊಂಡರೂ ಅರ್ಧ ಕೆಲಸವಾಗುತ್ತದೆ.

ಒಂದು ಕಾನೂನಿನ ಮಾತು. ಯುರೋಪಿಯನ್ ಒಕ್ಕೂಟದ 2001ರ ನಿರ್ದೇಶನದ ಪ್ರಕಾರ ವರ್ಣತಂತು ಜೊತೆ ಹೆಚ್ಚಿಸುವುದು ಕುಲಾಂತರಿ ಎನಿಸಿಕೊಳ್ಳುವುದಿಲ್ಲ. ಆದರೆ ಅದೇ ಒಕ್ಕೂಟದ ಸಾವಯವ ನಿಯಮಗಳು ಟ್ರಿಪ್ಲಾಯ್ಡನ್ನೂ, ಕೈಯಿಂದ ಆರಿಸಿದ್ದನ್ನು ಬಿಟ್ಟರೆ ಏಕಲಿಂಗ ತಳಿಯನ್ನೂ ಒಪ್ಪುವುದಿಲ್ಲ. ನಿಮ್ಮ ಮರಿ ಕೊಳ್ಳುವವರಲ್ಲಿ ಸಾವಯವ ಮುದ್ರೆಯವರಿದ್ದರೆ, ಬಾನಿ ತಣ್ಣಗಾಗಿಸುವ ಮೊದಲೇ ಅವರೊಡನೆ ಮಾತಾಡಿಕೊಳ್ಳಿ.